ಕೆಸುವಿನ ಎಲೆ ಪಿಂಗಾಣಿಯಲ್ಲಿ ನಿಲ್ಲಬೇಕಾದರೆ

ಮಳೆ ಸುರಿಯುವ ಆಟಿ ತಿಂಗಳಲ್ಲಿ ಕರಾವಳಿಯ ಹಿತ್ತಿಲ ತುಂಬ ಕೆಸು. ಪತ್ರೊಡೆಗೆ ಕೊಯ್ಯುವ ಅದೇ ಎಲೆ ಪಿಂಗಾಣಿ ಕೆಲಸಕ್ಕೂ ಒಳ್ಳೆಯ ಮಾದರಿ. ಮೈಯಲ್ಲಿ ಮೇಣವಿರುವುದರಿಂದ ಮಣ್ಣು ಅಂಟುವುದಿಲ್ಲ. ಬೆನ್ನಿನ ನರಗಳು ಉಬ್ಬಿರುವುದರಿಂದ ಅಚ್ಚು ಸ್ಪಷ್ಟವಾಗಿ ಬೀಳುತ್ತದೆ. ಆದರೆ ಮಂಗಳೂರು, ಉಡುಪಿಯಲ್ಲಿ ಮಣ್ಣು ಒಣಗಿಸಲು ಅತಿ ಕೆಟ್ಟ ಕಾಲವೂ ಅದೇ.

ಗಿಡದ ರೂಪ ಆರಿಸುವಾಗ ಚೆಂದಕ್ಕಿಂತ ಮೊದಲು ಅದು ಬೆಂಕಿಯಲ್ಲಿ ಹೇಗೆ ನಿಂತೀತು ಎಂದು ನೋಡಬೇಕು. ಪಿಂಗಾಣಿ ಮಣ್ಣಿನ ರೂಢಿಯ ಪಾಕ ಹೀಗೆ: ಚೀನಾ ಮಣ್ಣು 50 ಭಾಗ, ಫೆಲ್ಡ್‌ಸ್ಪಾರ್ ಎಂಬ ಖನಿಜ 25, ಕ್ವಾರ್ಟ್ಜ್ (ಬೆಣಚುಕಲ್ಲು) 25. 1280 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ಉಳಿದದ್ದನ್ನು ಬೆಸೆಯುತ್ತದೆ. ಆ ಹೊತ್ತಿನಲ್ಲಿ ಇಡೀ ವಸ್ತು ತನ್ನ ಭಾರಕ್ಕೇ ಬಾಗುವಷ್ಟು ಮೆದು. ಕೇದಗೆಯ ಉದ್ದ ಗರಿಯನ್ನು ಅಡ್ಡ ಚಾಚಿ ಇಟ್ಟರೆ ತುದಿ ಜೋತುಬೀಳುತ್ತದೆ. ಅಂಚು ಮೇಲೆತ್ತಿದ ಕೆಸು, ತಾವರೆಯ ಬೀಜಕೋಶ, ದಾಸವಾಳದ ಮೊಗ್ಗು ತಮ್ಮನ್ನು ತಾವೇ ಹೊರುತ್ತವೆ. ಆಧಾರ ಕೊಡಲೇಬೇಕಾದರೆ ಅದೂ ಅದೇ ಮಣ್ಣಿನದ್ದಾಗಿರಲಿ, ಎಲೆಯ ಜೊತೆಗೇ ಒಣಗಿ ಜೊತೆಗೇ ಬೇಯಲಿ. ಹಸಿ ಮಣ್ಣಿನಿಂದ ಕೊನೆಯ ಸುಡುವಿಕೆಯವರೆಗೆ ಪಿಂಗಾಣಿ ಶೇ. 12ರಿಂದ 15 ಕುಗ್ಗುತ್ತದೆ. ಕೆಳಗಿನ ಇಟ್ಟಿಗೆ ಚೂರು ಕುಗ್ಗದೆ ಕೂತರೆ ಎಲೆ ಹರಿಯುತ್ತದೆ. ಎಲೆ ಮತ್ತು ಆಧಾರದ ನಡುವೆ ಆ ಬೆಂಕಿಗೂ ಕರಗದ ಅಲ್ಯೂಮಿನಾ ಪುಡಿ ಉದುರಿಸಿ, ಇಲ್ಲವಾದರೆ ಅಂಟಿಕೊಳ್ಳುತ್ತವೆ.

ಮಣ್ಣನ್ನು 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಎಲೆಯ ಬೆನ್ನು ಕೆಳಗೆ ಮಾಡಿ ಒತ್ತಿ, ಅಂಚು ಕತ್ತರಿಸಿ ಎಲೆಯನ್ನು ಆಗಲೇ ಬಿಡಿಸಬೇಕು. ಮೂಲೆ ಹಿಡಿದು ಮಾತ್ರ ಎತ್ತಬೇಡಿ. ಪಿಂಗಾಣಿ ಮಣ್ಣಿಗೆ ನೆನಪು ಜಾಸ್ತಿ: ಬಾಗಿದ್ದನ್ನು ಸರಿಮಾಡಿ ಮಲಗಿಸಿದರೂ ಬೆಂಕಿಯಲ್ಲಿ ಆ ಬಾಗು ಮರಳಿ ಬರುತ್ತದೆ. ಎರಡು ಹಲಗೆಗಳ ನಡುವೆ ಇಟ್ಟೇ ಮಗುಚಿ.

ಬಿರುಕು ಬರುವುದು ಹೆಚ್ಚಾಗಿ ತೊಟ್ಟು ಸೇರುವಲ್ಲಿ. ಅಂಚು 1 ಮಿ.ಮೀ., ತೊಟ್ಟಿನ ಬುಡ 5 ಮಿ.ಮೀ. ಇದ್ದರೆ ಅಂಚು ಒಣಗಿ ಕುಗ್ಗಿ ಮುಗಿದಿರುತ್ತದೆ, ಬುಡ ಇನ್ನೂ ಹಸಿ. ಅದಕ್ಕೆ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಬುಡವನ್ನು ತೆರೆದಿಡಬೇಕು. ಲಂಡನ್ನಿನಲ್ಲಿ ಕೆಲಸ ಮಾಡುವ ಪಿಂಗಾಣಿ ಕಲಾವಿದೆ ಹಿಟೋಮಿ ಹೊಸೊನೊ ಅವರ ಬಟ್ಟಲುಗಳಲ್ಲಿ ಒಳಗಿನ ಪಾತ್ರೆಯೇ ಕಾಣದಷ್ಟು ಎಲೆಗಳು ಪದರ ಪದರವಾಗಿ ಕೂತಿರುತ್ತವೆ. ಅಷ್ಟು ಪದರ ಕಂಡಾಗ ನಮಗೆ ಕೆತ್ತನೆಗಿಂತ ಒಣಗಿಸಿದ ತಾಳ್ಮೆಯೇ ದೊಡ್ಡದೆನಿಸುತ್ತದೆ.

ಮಳೆಗಾಲದಲ್ಲಿ ಮುಚ್ಚಿದ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರು ಕಟ್ಟಿ ಹನಿಯುತ್ತದೆ. ದಿನವೂ ಅದನ್ನು ಒಳಹೊರಗು ಮಾಡಿ. ಎಲೆಯನ್ನು ಕೆನ್ನೆಗೆ ತಾಗಿಸಿದಾಗ ತಂಪೆನಿಸಿದರೆ ನೀರಿದೆ ಎಂದರ್ಥ. ಮೊದಲ ಸುಡುವಿಕೆಯಲ್ಲಿ ಆವಿಗೆಯ ಬಾಗಿಲು ಸ್ವಲ್ಪ ತೆರೆದು 80–90 ಡಿಗ್ರಿಯಲ್ಲಿ ಕೆಲವು ಗಂಟೆ ನಿಲ್ಲಿಸಿ, ಇಲ್ಲದಿದ್ದರೆ ಹಬೆ ಎಲೆಯನ್ನು ಒಡೆಯುತ್ತದೆ. ಮಣ್ಣಿಗೆ ಆಕಾರ ಕೊಡುವ ಪ್ಲಾಸ್ಟರ್ ಅಚ್ಚುಗಳನ್ನೂ ಈ ಕಾಲದಲ್ಲಿ ಹೀಟರಿನಲ್ಲಿ ಒಣಗಿಸಬೇಕಾಗುತ್ತದೆ. 50 ಡಿಗ್ರಿ ದಾಟಿದರೆ ಅಚ್ಚು ಪುಡಿಪುಡಿಯಾಗುತ್ತದೆ.

ಹೆಂಚಿನ ಊರಿನಲ್ಲಿ ಪಿಂಗಾಣಿ ಸುಲಭ ಎಂದುಕೊಳ್ಳುವವರಿದ್ದಾರೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ನದಿದಂಡೆಯ ಜೇಡಿಮಣ್ಣನ್ನು ನಂಬಿ. ಹೆಂಚನ್ನು ಕೆಂಪಾಗಿಸುವ ಅದರ ಕಬ್ಬಿಣವೇ ಪಿಂಗಾಣಿಗೆ ಶತ್ರು. ಮುರಕಲ್ಲಿನ (ಜಂಬಿಟ್ಟಿಗೆಯ) ಧೂಳಿನ ಒಂದು ಕಣ ಸಾಕು, ಬಿಳಿಯ ಮೇಲೆ ಕಂದು ಚುಕ್ಕೆ ಏಳುತ್ತದೆ. ಹೆಂಚು ಮಣ್ಣಿಗೆ ಬಳಸಿದ ಲಟ್ಟಣಿಗೆ, ಬಟ್ಟೆ, ಬಕೆಟ್ಟು ಯಾವುದೂ ಬೇಡ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಸಿಲಿಕಾ ಧೂಳಿನ ಕಾಟದಿಂದ ಶ್ವಾಸಕೋಶವೂ ಪಾರಾಗುತ್ತದೆ.

ಅಡಿಕೆಯ ಹಿಂಗಾರದಂಥ ಸೂಕ್ಷ್ಮ ರೂಪಕ್ಕೆ ಒತ್ತುವುದು ಆಗದು. ತೆಳು ಸ್ಲಿಪ್ಪಿನಲ್ಲಿ (ನೀರಿನಲ್ಲಿ ಕದಡಿದ ಪಿಂಗಾಣಿ ಮಣ್ಣಿನಲ್ಲಿ) ಅದ್ದಿ, ಒಣಗಿಸಿ, ಮೂರು ನಾಲ್ಕು ಪದರ ಕಟ್ಟಬೇಕು. ಒಳಗಿನ ಹೂ ಸುಟ್ಟುಹೋಗಿ ಟೊಳ್ಳು ಉಳಿಯುತ್ತದೆ. 600 ಡಿಗ್ರಿವರೆಗೆ ನಿಧಾನ, ಗಾಳಿ ಓಡಾಡಲಿ. ಒಂದೇ ಪದರದ್ದು ಎತ್ತುವಾಗಲೇ ಪುಡಿಯಾಗುತ್ತದೆ.

ಬಣ್ಣದ ಬಗ್ಗೆ ಒಂದೇ ಎಚ್ಚರಿಕೆ. ಕ್ರೋಮ್ ಇರುವ ಎಲೆಹಸಿರನ್ನು ತವರ ಸೇರಿದ ಬಿಳಿ ಗ್ಲೇಜಿನ (ಮೇಲಿನ ಗಾಜಿನ ಲೇಪದ) ಪಕ್ಕ ಸುಡಬೇಡಿ. ಕ್ರೋಮ್ ಆವಿಯಾಗಿ ಹೋಗಿ ಬಿಳಿಯ ಮೇಲೆ ಕೂತು ಅದನ್ನು ಗುಲಾಬಿ ಮಾಡುತ್ತದೆ.