ಟಿಪ್ಪರ್ ಡ್ರೈವರ್‌ಗಳಿಗೆ ಅಷ್ಟೊಂದು ಅವಸರ ಯಾಕೆ?

ಓದುಗರ ಪ್ರಶ್ನೆ: ನಮ್ಮ ಮನೆ ಇರುವುದು ಬೆಂಗಳೂರಿನ ಹೊರವಲಯದಲ್ಲಿ. ಬೆಳಗಿನ ಜಾವದಿಂದಲೇ ಜಲ್ಲಿ, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಮಣ್ಣು ತುಂಬಿದ ಟಿಪ್ಪರ್‌ಗಳು ನುಗ್ಗಿಕೊಂಡು ಬರುತ್ತವೆ. ಮಕ್ಕಳನ್ನು ಕೂರಿಸಿಕೊಂಡು ಸ್ಕೂಟರ್ ತೆಗೆಯುವುದಕ್ಕೇ ಭಯ. ಈ ಡ್ರೈವರ್‌ಗಳಿಗೆ ಅಷ್ಟೊಂದು ಅವಸರ ಯಾಕೆ? ಹೇಳುವವರು ಕೇಳುವವರು ಯಾರೂ ಇಲ್ವಾ?

ಉತ್ತರ: ಟಿಪ್ಪರ್ ಡ್ರೈವರ್‌ಗೆ ದುಡ್ಡು ಸಿಗುವುದು ಟ್ರಿಪ್ಪಿಗೆ, ದಿನ ಕಳೆಯುವುದು ಕ್ಯೂನಲ್ಲಿ. ಕ್ಯೂನಲ್ಲಿ ಹೋದ ಹೊತ್ತನ್ನು ರಸ್ತೆಯಲ್ಲಿ ವಸೂಲಿ ಮಾಡುತ್ತಾರೆ. ನೀವು ನೋಡುವ ಅವಸರದ ಮುಕ್ಕಾಲು ಭಾಗ ಇಷ್ಟೇ. ಕುಡಿದು ಓಡಿಸುವವರು, ಹುಂಬತನಕ್ಕೆ ಓಡಿಸುವವರು ಇಲ್ಲವೆಂದಲ್ಲ. ಆದರೆ ಒಳ್ಳೆಯ ಡ್ರೈವರ್‌ನನ್ನು ತಂದು ಅದೇ ಸೀಟಿನಲ್ಲಿ ಕೂರಿಸಿದರೂ ಸ್ವಲ್ಪ ದಿನಕ್ಕೆ ಆಕ್ಸಿಲರೇಟರ್ ಮೇಲಿನ ಕಾಲು ಭಾರವಾಗುತ್ತದೆ.

ಸಂಬಳದ ಲೆಕ್ಕ ಮೊದಲು ನೋಡೋಣ. ಸಾಮಾನ್ಯವಾಗಿ ತಿಂಗಳಿಗೆ ಒಂದು ಸಣ್ಣ ಸಂಬಳ, ಅದರ ಮೇಲೆ ಟ್ರಿಪ್ಪಿಗೆ ಇಷ್ಟು ಅಂತ ಬಾಟಾ. ಕೆಲವು ಕಡೆ ಸಂಬಳವೇ ಇಲ್ಲ, ಪೂರ್ತಿ ಟ್ರಿಪ್ ಲೆಕ್ಕ. ಮಳೆ ಬಂದು ಸೈಟ್ ನಿಂತರೆ, ಕಲ್ಲು ಒಡೆಯುವ ಕ್ರಷರ್ ಕೆಟ್ಟರೆ, ಗಾಡಿ ಗ್ಯಾರೇಜಿಗೆ ಹೋದರೆ ಬಾಟಾ ಇಲ್ಲ. ಓನರ್ ಕೂಡ ದೊಡ್ಡ ಕುಳ ಆಗಿರಬೇಕಿಲ್ಲ. ಒಂದೋ ಎರಡೋ ಗಾಡಿ, ತಿಂಗಳಾದರೆ ಕಟ್ಟಬೇಕಾದ ಇಎಂಐ. ಅವರಿಗೂ ದುಡ್ಡು ಬರುವುದು ಲೋಡ್ ಲೆಕ್ಕದಲ್ಲೇ. ಸಾಲ ಮಾಡಿ ಗಾಡಿ ತಗೊಂಡು ತಾವೇ ಓಡಿಸುವವರ ಕಥೆ ಇನ್ನೂ ಬಿಗಿ. ಅವರಿಗೆ ನಿದ್ದೆ ಬಂದರೂ ಇಎಂಐ ಮಲಗುವುದಿಲ್ಲ.

ಈಗ ಒಂದು ದಿನ ಹೇಗಿರುತ್ತದೆ ನೋಡಿ. ಬೆಂಗಳೂರಿಗೆ ಜಲ್ಲಿ, ಎಂ ಸ್ಯಾಂಡ್ ಬರುವುದು ಹೆಚ್ಚಾಗಿ ಸುತ್ತಲಿನ ಕಡೆಗಳಿಂದ: ಚಿಕ್ಕಬಳ್ಳಾಪುರ, ಆನೇಕಲ್, ಬಿಡದಿ, ಮಾಗಡಿ. ರಾತ್ರಿ ಎರಡು ಮೂರು ಗಂಟೆಗೇ ಕ್ರಷರ್ ಮುಂದೆ ಸಾಲು. ಮೊದಲು ಖಾಲಿ ಗಾಡಿ ತೂಕಕ್ಕೆ ವೇಬ್ರಿಡ್ಜ್ ಮೇಲೆ ಹತ್ತಬೇಕು. ಆಮೇಲೆ ಲೋಡಿಂಗ್. ಮತ್ತೆ ತೂಕ. ಆಮೇಲೆ ಗಣಿ ಇಲಾಖೆಯ ಪರ್ಮಿಟ್ ಬರಬೇಕು. ಸರ್ವರ್ ಡೌನ್ ಅಂದರೆ ಎಲ್ಲರೂ ನಿಂತಲ್ಲೇ. ಪರ್ಮಿಟ್ ಕೈಗೆ ಬಂದ ಮೇಲೆ ಟಾರ್ಪಾಲ್ ಕಟ್ಟಿ ಹೊರಟರೆ, ಊರಿನ ಅಂಚಿನಲ್ಲಿ ಇನ್ನೊಂದು ತಡೆ. ಬೆಳಿಗ್ಗೆ, ಸಂಜೆ ಜನಸಂದಣಿಯ ಹೊತ್ತಿನಲ್ಲಿ ದೊಡ್ಡ ಗಾಡಿಗಳಿಗೆ ನಗರದೊಳಗೆ ನೋ ಎಂಟ್ರಿ. ಐದು ನಿಮಿಷ ತಡವಾದರೆ ಮೂರು ಗಂಟೆ ರಸ್ತೆ ಬದಿ ನಿಲ್ಲಬೇಕಾಗಬಹುದು. ನಿಮ್ಮ ಮನೆ ಮುಂದೆ ಬೆಳಗಿನ ಜಾವ ಗಾಡಿಗಳು ಕಿತ್ತುಕೊಂಡು ಹೋಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ನೋ ಎಂಟ್ರಿ ಶುರುವಾಗುವ ಮುಂಚೆ ಒಳಗೆ ಹೋಗಬೇಕು, ಇಲ್ಲವೇ ಖಾಲಿ ಮಾಡಿ ಹೊರಗೆ ಬಂದಿರಬೇಕು.

ಸೈಟಿಗೆ ಹೋದ ಮೇಲಾದರೂ ನೆಮ್ಮದಿ ಅಂದುಕೊಳ್ಳಬೇಡಿ. ಸೂಪರ್‌ವೈಸರ್ ಇನ್ನೂ ಬಂದಿಲ್ಲ. ಬಂದರೆ, ಮುಂದೆ ನಿಂತ ಗಾಡಿ ಖಾಲಿಯಾಗಿಲ್ಲ. ಘನ ಅಡಿ ಲೆಕ್ಕದ ಲೋಡ್ ಆದರೆ ಟೇಪ್ ಹಿಡಿದು ಅಳೆಯುತ್ತಾರೆ. ಮರಳು ದಾರಿಯುದ್ದಕ್ಕೂ ಕುಲುಕಿ ಕುಲುಕಿ ಕೆಳಗೆ ಕೂತಿರುತ್ತದೆ. ಕ್ರಷರ್‌ನಲ್ಲಿ ಸರಿಯಿದ್ದ ಮಟ್ಟ ಇಲ್ಲಿ ಕಮ್ಮಿ. ದಾರಿಯಲ್ಲಿ ಎಲ್ಲಿ ಇಳಿಸಿದೆ ಅಂತ ಮೊದಲ ಮಾತು ಕೇಳಿಸಿಕೊಳ್ಳುವುದು ಡ್ರೈವರ್.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಕ್ರಷರ್‌ನಿಂದ ಸೈಟಿಗೆ 60 ಕಿಲೋಮೀಟರ್. ಗಂಟೆಗೆ 40ರಂತೆ ಹೋದರೆ ಒಂದೂವರೆ ಗಂಟೆ, 60ರಂತೆ ಹೋದರೆ ಒಂದು ಗಂಟೆ. ಉಳಿಯುವುದು ಅರ್ಧ ಗಂಟೆ. ಲೋಡಿಂಗ್ ಕ್ಯೂನಲ್ಲಿ ಎರಡು ಗಂಟೆ, ಸೈಟಿನಲ್ಲಿ ಒಂದು ಗಂಟೆ ಹೋದವರಿಗೆ ಅರ್ಧ ಗಂಟೆ ಏನು ಮಹಾ ಅನ್ನಿಸಬಹುದು. ಆದರೆ ಆ ಮೂರು ಗಂಟೆಯಲ್ಲಿ ಒಂದು ನಿಮಿಷವೂ ಡ್ರೈವರ್ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ಸ್ಟೇರಿಂಗ್ ಹಿಡಿದ ಹೊತ್ತು ಮಾತ್ರ. ಮೂರನೇ ಟ್ರಿಪ್ ಆಗುತ್ತದೋ ಇಲ್ಲವೋ ಎನ್ನುವುದು ಆ ಅರ್ಧರ್ಧ ಗಂಟೆಯ ಮೇಲೆ ನಿಂತಿರುತ್ತದೆ. ಕಾಯುವ ಹೊತ್ತಿಗೆ ಯಾರಾದರೂ ದುಡ್ಡು ಕೊಡುವಂತಿದ್ದರೆ ಕ್ರಷರ್‌ನವರು, ಸೈಟಿನವರು ಇಬ್ಬರೂ ಒಂದೇ ವಾರದಲ್ಲಿ ಕ್ಯೂ ಕರಗಿಸಿಬಿಡುತ್ತಿದ್ದರು ಅಂತ ನನ್ನ ಅನಿಸಿಕೆ. ಈಗ ಕಾಯಿಸಿದರೆ ಅವರಿಗೆ ನಷ್ಟವೇ ಇಲ್ಲವಲ್ಲ.

ಕಾನೂನು ಇಲ್ಲವೆಂದಲ್ಲ. ಡಂಪರ್‌ಗಳಿಗೆ, ಅಂದರೆ ಟಿಪ್ಪರ್‌ನಂಥ ಗಾಡಿಗಳಿಗೆ, ವೇಗ ಗಂಟೆಗೆ 60 ಕಿಲೋಮೀಟರ್ ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಇರಬೇಕು ಅಂತ ಕೇಂದ್ರ 2015ರಲ್ಲೇ ನಿಯಮ ತಂದಿತು. ಗವರ್ನರ್ ವೈರ್ ಕೀಳುವುದು ದೊಡ್ಡ ವಿದ್ಯೆಯೇನಲ್ಲ. ಅದೂ ಅಲ್ಲದೆ, ಸ್ಕೂಲ್ ಮುಂದಿನ ಕಿರಿದಾದ ರಸ್ತೆಯಲ್ಲಿ 60 ಅನ್ನುವುದೇ ಜಾಸ್ತಿ. 40ರಿಂದ 60ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು, ಆದರೆ ಬ್ರೇಕ್ ತಡೆಯಬೇಕಾದ ಶಕ್ತಿ ಎರಡೂಕಾಲು ಪಟ್ಟು. ದುಡಿಮೆಯ ಹೊತ್ತಿಗೂ ಮಿತಿ ಹಾಕಿದ್ದರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂದಿತು. ಐದು ಗಂಟೆ ದುಡಿಸಿದರೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಅಂತಲೂ ಬರೆಯಿತು. ಆದರೆ ಅದು ಅನ್ವಯಿಸಿದ್ದು ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಇರುವ ಸಂಸ್ಥೆಗಳಿಗೆ. ಎರಡು ಗಾಡಿಯ ಓನರ್ ಅದರೊಳಗೆ ಬರಲೇ ಇಲ್ಲ. ಇನ್ನು ಖನಿಜ ಸಾಗಿಸುವ ಗಾಡಿಗಳಿಗೆ ಗಣಿ ಇಲಾಖೆ ಜಿಪಿಎಸ್ ಹಾಕಿಸುತ್ತದೆ, ಕಳ್ಳಸಾಗಣೆ ಹಿಡಿಯಲಿಕ್ಕೆ. ಅದೇ ಡಬ್ಬಿಯಲ್ಲಿ ಗಾಡಿ ಎಷ್ಟು ಹೊತ್ತು ನಿಂತಿತ್ತು, ಎಷ್ಟು ವೇಗದಲ್ಲಿ ಹೋಯಿತು, ಎಷ್ಟು ಗಂಟೆಯಿಂದ ಓಡುತ್ತಿದೆ ಎಲ್ಲ ಗೊತ್ತಾಗುತ್ತದೆ. ನೋಡುವ ಮನಸ್ಸಿರಬೇಕು ಅಷ್ಟೇ.

ಇನ್ನು ತೂಕದ ವಿಷಯ. ನೀವು ಕೇಳಲಿಲ್ಲ, ಆದರೆ ನಿಮ್ಮ ಭಯದ ಅರ್ಧ ಕಾರಣ ಇಲ್ಲೇ ಇದೆ. ಹತ್ತು ಚಕ್ರದ ಟಿಪ್ಪರ್‌ನಂಥ ಮೂರು ಆಕ್ಸಲ್ ಗಾಡಿಗೆ ಕಾನೂನಿನ ಮಿತಿ ಮೊದಲು 25 ಟನ್ ಇತ್ತು. 2018ರ ಜುಲೈನಲ್ಲಿ ಅದನ್ನು 28.5 ಟನ್‌ಗೆ ಏರಿಸಿದರು. ಇದು ಗಾಡಿ ಮತ್ತು ಲೋಡ್ ಸೇರಿ. ಬಾಡಿ ಸಮೇತ ಖಾಲಿ ಗಾಡಿಯೇ ಸುಮಾರು 12 ಟನ್ ತೂಗುತ್ತದೆ. ಉಳಿಯುವುದು 16, 17 ಟನ್. ಎಂ ಸ್ಯಾಂಡ್ ನೂರು ಘನ ಅಡಿಗೆ ನಾಲ್ಕೂವರೆ ಟನ್‌ಗೆ ಕಮ್ಮಿಯಿಲ್ಲ, ಒದ್ದೆಯಿದ್ದರೆ ಇನ್ನೂ ಜಾಸ್ತಿ. ಅಂದರೆ ಕಾನೂನು ಪ್ರಕಾರ 350, 370 ಘನ ಅಡಿಗೆ ನಿಲ್ಲಿಸಬೇಕು. ಆದರೆ ಹಿಂದಿರುವ ಡಬ್ಬ 16 ಘನ ಮೀಟರ್‌ನದು, ಹೆಚ್ಚು ಕಡಿಮೆ 565 ಘನ ಅಡಿ. ತಲೆಮಟ್ಟ ತುಂಬಿದರೆ ಲೋಡ್ 25 ಟನ್ ದಾಟಿ, ಒಟ್ಟು 37 ಟನ್ ಮೀರುತ್ತದೆ. ಡಬ್ಬವನ್ನು ಮುಕ್ಕಾಲು ಭಾಗವೂ ತುಂಬದೆ ನಿಲ್ಲಿಸುವವರು ಎಷ್ಟು ಜನ ಇದ್ದಾರೆ ಹೇಳಿ. ಗಿರಾಕಿಗೂ ಅರ್ಧ ಖಾಲಿ ಬಾಡಿ ಕಂಡರೆ ಮೋಸ ಅನ್ನಿಸುತ್ತದೆ.

2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್‌ಗೆ 2,000. ಮೇಲಿನ ಲೆಕ್ಕದ ಗಾಡಿ ಸಿಕ್ಕಿಬಿದ್ದರೆ ಸುಮಾರು 38,000 ಆಗುತ್ತದೆ. ಓಡಿಸಿದವರ ಮೇಲೂ ಹಾಕಬಹುದು, ಓಡಿಸಲು ಬಿಟ್ಟವರ ಮೇಲೂ ಹಾಕಬಹುದು. ಇಲ್ಲಿ ನನಗೆ ಸಿಟ್ಟು ಬರುವುದು ಒಂದು ವಿಷಯಕ್ಕೆ. ಓವರ್‌ಲೋಡ್ ಹಿಡಿಯಲು ಆರ್‌ಟಿಓ ರಾತ್ರಿಯೆಲ್ಲ ರಸ್ತೆಯಲ್ಲಿ ನಿಲ್ಲಬೇಕಿಲ್ಲ. ಲೋಡ್ ಆದ ಪ್ರತಿ ಗಾಡಿಯೂ ಕ್ರಷರ್‌ನ ವೇಬ್ರಿಡ್ಜ್ ದಾಟಿಯೇ ಹೊರಗೆ ಬರುತ್ತದೆ. ತೂಕ ಎಲ್ಲರಿಗೂ ಮೊದಲು ಗೊತ್ತಾಗುವುದು ಅಲ್ಲೇ. ಅಲ್ಲಿ ಗೇಟ್ ಹಾಕದೆ, ಮೂವತ್ತು ಕಿಲೋಮೀಟರ್ ಆಚೆ ಕೈ ಅಡ್ಡ ಹಾಕಿದರೆ ಡ್ರೈವರ್ ಬೆಳಕಿನಲ್ಲಿ ಯಾಕೆ ನಿಧಾನಕ್ಕೆ ಹೋಗುತ್ತಾರೆ? ಸಂದಿಗೊಂದಿ ಹಿಡಿದು, ನಿಮ್ಮ ಮನೆ ಮುಂದೆ ಕತ್ತಲಲ್ಲೇ ದಾಟುತ್ತಾರೆ.

ಇಳಿಸುವ ಕೆಲಸದ ಅಪಾಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಎಂಜಿನ್ ಬಲವನ್ನು ಬಾಡಿ ಎತ್ತುವ ಪಂಪಿಗೆ ಕೊಡುವ ಪಿಟಿಓ ಹಾಕಿ ಬಾಡಿ ಎತ್ತುವಾಗ ನೆಲ ಸಮ ಇರಬೇಕು. ಹೊಸದಾಗಿ ತುಂಬಿದ ಮಣ್ಣು ಒಂದು ಕಡೆ ಕುಸಿದರೆ ಸಾಕು, ಭಾರವೆಲ್ಲ ಮೇಲಿರುವುದರಿಂದ ಗಾಡಿ ಪಕ್ಕಕ್ಕೆ ಮಗುಚುತ್ತದೆ. ಒದ್ದೆ ಮರಳು ಬಾಡಿಗೆ ಅಂಟಿಕೊಂಡು ಮೇಲ್ಭಾಗದಲ್ಲೇ ಉಳಿದರೆ ಇನ್ನೂ ಕಷ್ಟ. ಕೆಲವರು ಬಾಡಿ ಎತ್ತಿಕೊಂಡೇ ಮುಂದೆ ಹೋಗಿ ಗಕ್ಕನೆ ಬ್ರೇಕ್ ಹಾಕಿ ಉದುರಿಸುತ್ತಾರೆ. ತಲೆ ಮೇಲೆ ಕರೆಂಟ್ ತಂತಿ ಇದ್ದರೆ ಅಲ್ಲಿಗೆ ಮುಗಿಯಿತು. ಗಾಡಿಗೆ ಕರೆಂಟ್ ಹರಿದಾಗ ಒಳಗೆ ಕೂತಿದ್ದರೆ ಬದುಕುವ ಸಾಧ್ಯತೆ ಇದೆ. ಒಂದು ಕಾಲು ನೆಲಕ್ಕೆ, ಒಂದು ಕೈ ಬಾಗಿಲಿಗೆ ಇಟ್ಟರೆ ಇಲ್ಲ. ಹಿಂದೆ ನಿಂತು ದಾರಿ ತೋರಿಸಲು ಕ್ಲೀನರ್ ಇರುತ್ತಿದ್ದರು. ಖರ್ಚು ಉಳಿಸಲು ಈಗ ಅನೇಕ ಗಾಡಿಗಳಲ್ಲಿ ಡ್ರೈವರ್ ಒಬ್ಬರೇ. ಎಡಗಡೆ ನೋಡುವ ಕಣ್ಣೂ ಅದರೊಂದಿಗೇ ಹೋಯಿತು.

ಅಪಘಾತ ಮಾಡಿ ಓಡಿಹೋಗುತ್ತಾರೆ ಅನ್ನುವ ದೂರೂ ಸಾಮಾನ್ಯ. ನಿಜ, ಓಡುತ್ತಾರೆ. ಜನ ಸೇರಿ ಹೊಡೆಯುತ್ತಾರೆ ಅನ್ನುವ ಭಯ ದೊಡ್ಡದು. ಈ ಭಯ ಕಾನೂನಿಗೂ ಗೊತ್ತು. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಲು ನೆರವಾಗುವುದು ಡ್ರೈವರ್‌ನ ಕರ್ತವ್ಯ ಅಂತ ಹೇಳುವ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್, ಜನರ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಕೊಡುತ್ತದೆ. ಐಪಿಸಿ ಜಾಗಕ್ಕೆ ತಂದ ಭಾರತೀಯ ನ್ಯಾಯ ಸಂಹಿತೆಯ 106(2) ಬಂದಾಗ, ಸಾವು ಸಂಭವಿಸಿದ ಮೇಲೆ ಪೊಲೀಸರಿಗೆ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಅಂತ ಬರೆದಿತ್ತು. ಅದನ್ನು ವಿರೋಧಿಸಿ 2024ರ ಜನವರಿ ಆರಂಭದಲ್ಲಿ ದೇಶದ ಹಲವು ಕಡೆ ಲಾರಿಗಳು ನಿಂತವು, ಪೆಟ್ರೋಲ್ ಬಂಕ್ ಮುಂದೆ ಕ್ಯೂ ಬೆಳೆಯಿತು. ಜುಲೈ 1ರಂದು ಹೊಸ ಸಂಹಿತೆ ಜಾರಿಯಾದಾಗ ಆ ಒಂದು ಉಪವಿಧಿಯನ್ನು ಮಾತ್ರ ಜಾರಿಗೆ ತರಲಿಲ್ಲ. ಹೊಡೆತ ತಪ್ಪಿಸಿಕೊಳ್ಳಲು ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ಹಾಜರಾಗುವ ಡ್ರೈವರ್‌ಗಳೂ ಇದ್ದಾರೆ. ಅದನ್ನೂ ನಾವು ಪರಾರಿ ಅಂತಲೇ ಕರೆಯುತ್ತೇವೆ.

ಟ್ರಿಪ್ ಲೆಕ್ಕದ ಬದುಕು ಎಷ್ಟು ತೆಳುವಾದದ್ದು ಅನ್ನುವುದನ್ನು ಬಳ್ಳಾರಿ ಕಡೆಯವರು ಚೆನ್ನಾಗಿ ಕಂಡಿದ್ದಾರೆ. ಕಬ್ಬಿಣದ ಅದಿರಿಗೆ ಚೀನಾದಲ್ಲಿ ಬೇಡಿಕೆ ಏರಿದಾಗ ಸಂಡೂರು, ಹೊಸಪೇಟೆಯಿಂದ ಬೇಲೇಕೇರಿ ಬಂದರಿನವರೆಗೂ ಲಾರಿಗಳ ಸಾಲು. ಜಮೀನು ಅಡ ಇಟ್ಟು ಗಾಡಿ ತಗೊಂಡವರಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಅಕ್ರಮದ ಮಟ್ಟ ನೋಡಿದರೆ ನಿಲ್ಲಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಿರಿನ ಲಾಭದಲ್ಲಿ ಪಾಲು ಇಲ್ಲದಿದ್ದ ಡ್ರೈವರ್‌ಗಳ ಬಾಟಾವೂ ಅಂದೇ ನಿಂತಿತು. ಗಣಿಗಳು ಒಂದೊಂದಾಗಿ ಮತ್ತೆ ತೆರೆಯಲು ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು.

ಕೆಲವು ಬದಲಾವಣೆ ಆಗುತ್ತಿವೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಏಪ್ರಿಲ್ ಬಿಸಿಲಲ್ಲಿ ಕ್ರಷರ್ ಧೂಳಿನ ನಡುವೆ ಕಾಯುವವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಈಗ ಓಡುತ್ತಿರುವ ಹಳೆ ಗಾಡಿಗಳು ಇನ್ನೂ ಎಷ್ಟೋ ವರ್ಷ ಓಡುತ್ತವೆ.

ಸರಿ, ನೀವೇನು ಮಾಡಬಹುದು? ಸ್ಕೂಟರ್‌ನಲ್ಲಿ ಹೋಗುವಾಗ ಟಿಪ್ಪರ್‌ನ ಎಡಗಡೆ ನುಗ್ಗಬೇಡಿ, ಸಿಗ್ನಲ್‌ನಲ್ಲಿ ಅದರ ಮೂತಿಗೆ ಅಂಟಿಕೊಂಡು ನಿಲ್ಲಬೇಡಿ. ಎತ್ತರದ ಕ್ಯಾಬಿನ್‌ನಿಂದ ಆ ಎರಡು ಜಾಗ ಕಾಣುವುದಿಲ್ಲ. ಅವರ ಕನ್ನಡಿ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುವುದಿಲ್ಲ. ಸ್ಕೂಲ್ ಹೊತ್ತಿನಲ್ಲಿ ನಿಮ್ಮ ರಸ್ತೆಗೂ ನಿರ್ಬಂಧ ಬೇಕೆಂದರೆ ಬಡಾವಣೆಯವರು ಸೇರಿ ಟ್ರಾಫಿಕ್ ಠಾಣೆಗೆ ಬರೆದುಕೊಡಿ. ನೀವೇ ಮನೆ ಕಟ್ಟಿಸುತ್ತಿದ್ದರೆ, ಬೆಳಿಗ್ಗೆ ಏಳಕ್ಕೆ ಲೋಡ್ ಬೇಕೇ ಬೇಕು ಅಂತ ಸಪ್ಲೈಯರ್‌ಗೆ ಹಟ ಹಿಡಿಯಬೇಡಿ. ಇಳಿಸುವ ಜಾಗ ಗಟ್ಟಿಯಾಗಿದೆಯಾ, ಮೇಲೆ ತಂತಿ ಇದೆಯಾ ಅಂತ ಮೊದಲೇ ನೋಡಿಡಿ. ಜಲ್ಲಿ, ಮರಳನ್ನು ಅಡಿ ಲೆಕ್ಕ ಬಿಟ್ಟು ಟನ್ ಲೆಕ್ಕದಲ್ಲಿ ತಗೊಳ್ಳಿ, ವೇಬ್ರಿಡ್ಜ್ ಚೀಟಿ ಕೇಳಿ ಇಸ್ಕೊಳ್ಳಿ. ಖಾಲಿ ತೂಕ, ಲೋಡ್ ತೂಕ ಎರಡೂ ಅದರಲ್ಲಿರುತ್ತದೆ. ಹತ್ತು ಚಕ್ರದ ಗಾಡಿಯ ಒಟ್ಟು ತೂಕ 28.5 ಟನ್ ದಾಟಿದ್ದರೆ, ಮುಂದಿನ ಲೋಡ್ ಕಮ್ಮಿ ತುಂಬಿಸಿ ಕಳಿಸಿ ಅಂತ ಡ್ರೈವರ್‌ಗಲ್ಲ, ಸಪ್ಲೈಯರ್‌ಗೆ ಹೇಳಿ.