ಬೆಳಕಿನ ಕವಾಯತು

ಕವಾಯತಿನಲ್ಲಿ ಸಾಲು ತಿರುಗಬೇಕಾದಾಗ ಒಳತುದಿಯ ಹುಡುಗ ಹೆಚ್ಚುಕಡಿಮೆ ನಿಂತಲ್ಲೇ ಹೆಜ್ಜೆ ಹಾಕುತ್ತಾನೆ, ಹೊರತುದಿಯವನು ದಾಪುಗಾಲಿಡುತ್ತಾನೆ. ಸಾಲು ಮುರಿಯದೆ ಇಡಿಯಾಗಿ ಹೊರಳುತ್ತದೆ. ಬೆಳಕನ್ನು ತಿರುಗಿಸುವ ಗುಟ್ಟೂ ಇದೇ: ಅಲೆಯ ಒಂದು ಅಂಚು ತುಸು ತಡವಾದರೆ ಸಾಕು. ಮಸೂರದಲ್ಲಿ ಆ ತಡವನ್ನು ಒದಗಿಸುವುದು ಗಾಜಿನ ದಪ್ಪ. ಮೆಟಾಸರ್ಫೇಸ್ ಎಂಬ ತೆಳು ಚಪ್ಪಟೆ ಹಾಳೆಗೆ ದಪ್ಪದ ಹಂಗಿಲ್ಲ. ಅಲ್ಲಿರುವುದು ಪುಟ್ಟ ಕಂಬಗಳ ಸಾಲು. ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಕಂಬಗಳ ಅಗಲ ಅದಕ್ಕಿಂತ ಕಡಿಮೆ. ಪ್ರತಿ ಕಂಬವೂ ಬೆಳಕನ್ನು ಒಂದಿಷ್ಟು ತಡೆದು ಬಿಡುತ್ತದೆ. ಎಷ್ಟು ತಡ ಎಂಬುದು ಕಂಬದ ಅಳತೆಗೆ ಬಿಟ್ಟದ್ದು.

ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ಅವರ ತಂಡ 2016ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಕಂಬಗಳಿಂದ ಕಾಣುವ ಬೆಳಕಿಗೊಂದು ಚಪ್ಪಟೆ ಮಸೂರ ಮಾಡಿತು. (ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿರುವುದೂ ಇದೇ ವಸ್ತು!) ಆದರೆ ಇಂಥ ಕಂಬಗಳು ಶಿಲಾಶಾಸನದ ಹಾಗೆ. ಒಮ್ಮೆ ಮಾಡಿದ ಮೇಲೆ ತಿದ್ದಲು ಬರುವುದಿಲ್ಲ.

ಮೃದಂಗದವರು ಎಡಗಡೆಯ ಚರ್ಮಕ್ಕೆ ಕಲಸಿದ ರವೆ ಮೆತ್ತಿ ಶ್ರುತಿ ಇಳಿಸುತ್ತಾರಲ್ಲ, ಇಲ್ಲಿಯೂ ಅಂಥದೇ ಉಪಾಯ. ಸಿಂಗಪುರದ ಎ-ಸ್ಟಾರ್ ಸಂಸ್ಥೆಯ ಸಂಶೋಧಕರು 2019ರಲ್ಲಿ ಕಂಬಗಳ ಸುತ್ತ ದ್ರವಸ್ಫಟಿಕ ತುಂಬಿದರು. ಕ್ಯಾಲ್ಕುಲೇಟರ್ ಪರದೆಯಲ್ಲಿರುವುದೂ ಇದೇ ಜಾತಿಯ ವಸ್ತು. ವೋಲ್ಟೇಜ್ ಕೊಟ್ಟರೆ ಅದರ ಕಡ್ಡಿಯಂಥ ಅಣುಗಳು ಹೊರಳುತ್ತವೆ. ಆಗ ಕಂಬದ ಸುತ್ತಲಿನ ವಕ್ರೀಭವನಾಂಕ (ವಸ್ತು ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಲೆಕ್ಕ) ಬದಲಾಗಿ ಕಂಬದ ಶ್ರುತಿ, ಅಂದರೆ ಅದು ಯಾವ ಅಲೆಯುದ್ದಕ್ಕೆ ಮಿಡಿಯುತ್ತದೆ ಎಂಬುದು, ಜರುಗುತ್ತದೆ, ಬೆಳಕಿಗಾಗುವ ತಡವೂ ಬದಲಾಗುತ್ತದೆ.

ದ್ರವಸ್ಫಟಿಕವೊಂದೇ ಸಾಲದೇ? ಸಾಕು, ಆದರೆ ಆಗ ಬೇಕಾದಷ್ಟು ತಡ ಸಿಗಲು ಪದರ ದಪ್ಪವಿರಬೇಕು. ದಪ್ಪವಾದರೆ ಒಂದು ಪಿಕ್ಸೆಲ್‌ನ (ಬೇರೆಯಾಗಿ ವೋಲ್ಟೇಜ್ ಕೊಡಬಹುದಾದ ಒಂದು ಚುಕ್ಕೆಯ) ವಿದ್ಯುತ್ ಕ್ಷೇತ್ರ ಪಕ್ಕದ್ದಕ್ಕೆ ಸೋರುತ್ತದೆ, ಹಾಗಾಗಿ ಪಿಕ್ಸೆಲ್‌ಗಳನ್ನು ತೀರಾ ಕಿರಿದಾಗಿಸುವಂತಿಲ್ಲ. ಪಿಕ್ಸೆಲ್ ದೊಡ್ಡದಾದಷ್ಟೂ ಬೆಳಕು ತಿರುಗುವ ಕೋನ ಚಿಕ್ಕದು. ಕಂಬಗಳ ಅನುರಣನದ (ತಮ್ಮ ಶ್ರುತಿಗೆ ಹೊಂದುವ ಬೆಳಕಿಗೆ ಜೋರಾಗಿ ಮಿಡಿಯುವ ಗುಣದ) ಬೆಂಬಲವಿದ್ದರೆ ತೆಳು ಪದರದಲ್ಲೇ ಕೆಲಸ ನಡೆಯುತ್ತದೆ. ಸಿಂಗಪುರದ ಸಾಧನದಲ್ಲಿ ಬೆಳಕು 11 ಡಿಗ್ರಿ ತಿರುಗಿತು. ಬಿದ್ದ ಬೆಳಕಿನಲ್ಲಿ ಶೇ. 35ಕ್ಕೂ ಹೆಚ್ಚು ಪಾಲು ಬೇಕಾದ ದಿಕ್ಕಿಗೇ ಹೋಯಿತು. ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ಪಿಕ್ಸೆಲ್‌ನ ಗಾತ್ರ: ಸುಮಾರು 1 ಮೈಕ್ರೊಮೀಟರ್. ಒಂದು ಕೂದಲಿನ ಅಗಲದಲ್ಲಿ ಐವತ್ತಾದರೂ ಹಿಡಿದಾವು. ಹೊಲೊಗ್ರಾಂ, ಅಂದರೆ ಬೆಳಕಿನಲ್ಲೇ ಮೂರು ಆಯಾಮದ ಚಿತ್ರ, ಮೂಡಿಸುವ ಪರದೆಗೆ ಬೇಕಾದದ್ದು ಇಂಥ ಸೂಕ್ಷ್ಮವೇ.

ದ್ರವಸ್ಫಟಿಕ ನಿಧಾನಿ, ಅಣುಗಳು ಹೊರಳಲು ಮಿಲಿಸೆಕೆಂಡುಗಳೇ ಬೇಕು. ಕಣ್ಣಿಗೆ ಅದು ಸಾಕು. ಇನ್ನೂ ವೇಗ ಬೇಕೆನ್ನುವವರು ಇಂಡಿಯಂ ಟಿನ್ ಆಕ್ಸೈಡ್ ಎಂಬ, ವಿದ್ಯುತ್ ಹರಿಯಬಲ್ಲ ಪಾರದರ್ಶಕ ವಸ್ತುವಿನತ್ತ ಹೊರಳಿದ್ದಾರೆ. ಅಲ್ಲಿ ಅಣುಗಳು ತಿರುಗಬೇಕಿಲ್ಲ, ಎಲೆಕ್ಟ್ರಾನ್‌ಗಳು ಅಂಚಿನಲ್ಲಿ ಜಮಾಯಿಸಿದರಾಯಿತು. ಆದರೆ ಅದು ಹೆಚ್ಚಾಗಿ ಪಳಗಿರುವುದು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ.