ಬುತ್ತಿ ಕಟ್ಟಿಕೊಳ್ಳದ ಬೀಜ

ಡೊಂಬಿವಲಿಯ ನಮ್ಮ ಚಿಕ್ಕಮ್ಮ ಬ್ಯಾಂಕಾಕಿನಿಂದ ಮೂರು ಆರ್ಕಿಡ್ ಗಿಡ ತಂದಿದ್ದಳು. ಚಾತುಚಾಕ್ ಸಂತೆಯಲ್ಲಿ ಕೊಂಡದ್ದು. ಬೇರನ್ನು ಒದ್ದೆ ಪೇಪರಿನಲ್ಲಿ ಸುತ್ತಿ, ಕಾಲುಚೀಲದೊಳಗೆ ತುರುಕಿ, ಸೀರೆಗಳ ನಡುವೆ ಮಲಗಿಸಿದ್ದಳು. ಮುಂಬಯಿಯಲ್ಲಿ ವಿಮಾನ ಇಳಿದ ಅರ್ಧ ಗಂಟೆಯಲ್ಲಿ ತಪಾಸಣೆಯವರು ಮೂರನ್ನೂ ಕಿತ್ತಿಟ್ಟುಕೊಂಡರು. ಗಿಡ ಹೋದದ್ದಕ್ಕಿಂತ ಅವಳನ್ನು ಕೊರೆದದ್ದು ಒಂದು ಪ್ರಶ್ನೆ: "ಅಲ್ಲ ಮಾರಾಯ, ಮಣ್ಣಿದ್ದರೆ ಹುಳಹುಪ್ಪಟೆ ಅಂತ ಹಿಡಿಯಲಿ. ಒಂದು ಚಿಟಿಕೆ ಮಣ್ಣೂ ಇಲ್ಲದ ಗಿಡದಲ್ಲಿ ಅಂಥದ್ದೇನಿರ್ತದೆ?"

ಪ್ರಶ್ನೆ ಚೆನ್ನಾಗಿದೆ. ಆದರೆ ಅದರ ಹಿಂದಿರುವ ನಂಬಿಕೆ ಮಾತ್ರ ಪೂರಾ ತಪ್ಪು. ಆರ್ಕಿಡ್ ವಿಷಯದಲ್ಲಿ ನಮ್ಮವರಿಗೆ ತಪ್ಪು ನಂಬಿಕೆಗಳು ಹೊಸತೂ ಅಲ್ಲ. ಮಲೆನಾಡಿನಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಸೀತೆದಂಡೆ ಎಂಬ ಆರ್ಕಿಡ್ ಹೂ ಬಿಟ್ಟಾಗ ಮುಡಿಯುವವರೇ, "ಅದು ಮರದ ರಕ್ತ ಹೀರುವ ಬಂದಳಿಕೆ" ಎಂದೂ ಹೇಳುತ್ತಾರೆ. ಬಂದಳಿಕೆ ಬೇರೆ. ಅದು ಮರದ ನಾಳಕ್ಕೇ ಬೇರು ಚುಚ್ಚುತ್ತದೆ. ಸೀತೆದಂಡೆ ಕೊಂಬೆಯ ಮೇಲೆ ಕೂತಿದೆ, ಅಷ್ಟೇ. ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವವನು ರೈಲನ್ನು ತಿನ್ನುವುದಿಲ್ಲವಲ್ಲ, ಹಾಗೆ. ತಮಾಷೆಯೆಂದರೆ ಈ ಗೊಂದಲ ವಿಜ್ಞಾನದ ಹೆಸರಿನಲ್ಲೇ ಕೂತುಬಿಟ್ಟಿದೆ. 18ನೇ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಲ್ಲಿದ್ದ ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ ಒಂದು ಆರ್ಕಿಡ್ ಕುಲಕ್ಕೆ 'ವಂಡಾ' ಎಂಬ ಹೆಸರು ಕೊಟ್ಟ. ಅದು ಸಂಸ್ಕೃತದ 'ವಂದಾ', ಅಂದರೆ ಮರದ ಮೇಲೆ ಬೆಳೆಯುವ ಪರಾವಲಂಬಿ. ಬಂದಳಿಕೆಯ, ಅಂದರೆ ಬದನಿಕೆಯ, ಬೇರನ್ನು ತಿಜೋರಿಯಲ್ಲಿಟ್ಟರೆ ಹಣ ಹರಿದು ಬರುತ್ತದೆಂದು ವಿಡಿಯೊ ಮಾಡುವವರ ಕೈಗೆ ಈ ಹೆಸರು ಇನ್ನೂ ಸಿಕ್ಕಿಲ್ಲ, ಪುಣ್ಯ.

ಇನ್ನು ಚಿಕ್ಕಮ್ಮನ ಬೇರಿಗೆ ಬರೋಣ. ಆರ್ಕಿಡ್ ಬೇರು ಒಣಗಿದಾಗ ಬೆಳ್ಳಿಯ ಹಾಗೆ ಬಿಳಿ, ನೀರು ಬಿದ್ದ ಕೂಡಲೇ ಹಸಿರು. ಆ ಬಿಳಿ ಪದರಕ್ಕೆ ವೆಲಾಮೆನ್ ಎನ್ನುತ್ತಾರೆ. ಅದರ ಕೋಶಗಳು ಸತ್ತಿವೆ; ಒಳಗೆ ಬರಿಯ ಗಾಳಿ. ಹೀರೇಕಾಯಿಯ ಒಣ ನಾರನ್ನು ನೆನಪಿಸಿಕೊಳ್ಳಿ. ಅಥವಾ ಶಾಲೆಯಲ್ಲಿ ಶಾಯಿ ಚೆಲ್ಲಿದಾಗ ಒತ್ತುತ್ತಿದ್ದ ಒತ್ತುಕಾಗದವನ್ನು. ಅಥವಾ ಮಳೆಗಾಲದ ಮುಂಬಯಿಯಲ್ಲಿ ಕಿಟಕಿಯ ಗ್ರಿಲ್ಲಿಗೆ ಹಾಕಿದ ಲುಂಗಿಯನ್ನು: ಒಣಗಿದ್ದು ಯಾವಾಗ, ಮತ್ತೆ ನೆನೆದದ್ದು ಯಾವಾಗ ತಿಳಿಯುವುದೇ ಇಲ್ಲ. ಮೊದಲ ಮಳೆಯ ನೀರು ಕೊಂಬೆಯ ದೂಳು, ಹಕ್ಕಿಯ ಹಿಕ್ಕೆ, ಕೊಳೆತ ಎಲೆಯ ಉಪ್ಪು ಎಲ್ಲವನ್ನೂ ತೊಳೆದುಕೊಂಡು ಬರುತ್ತದೆ. ಇದೇ ಅತ್ಯಂತ ಸಾರವತ್ತಾದ ನೀರು, ಮತ್ತು ಇದು ಕೆಲವೇ ನಿಮಿಷ ಹರಿಯುತ್ತದೆ. ಅಷ್ಟರಲ್ಲಿ ಹೀರಿ ಹಿಡಿದಿಡಬೇಕು. ಒಳಗಿನ ಜೀವಂತ ಪದರದಲ್ಲಿ ಅಲ್ಲೊಂದು ಇಲ್ಲೊಂದು ಕಿಂಡಿಯಂಥ ಕೋಶಗಳಿವೆ. ನೀರು ಒಳಗಿಳಿಯುವುದು ಅವುಗಳ ಮೂಲಕ.

ಶಿಲೀಂಧ್ರ ಒಳಗೆ ನುಸುಳುವುದೂ ಆ ಕಿಂಡಿಯಿಂದಲೇ. ಈಗ ಅದರ ಕಥೆ.

ತೆಂಗಿನಕಾಯಿಯೊಳಗೆ ಸಸಿಗೆ ತಿಂಗಳುಗಟ್ಟಲೆ ಸಾಲುವ ಬುತ್ತಿ ಇದೆ. ಹುರುಳಿಕಾಳಿನಲ್ಲೂ ಒಂದು ವಾರಕ್ಕಾಗುವಷ್ಟಿದೆ. ಆರ್ಕಿಡ್ ಬೀಜಕ್ಕೆ ಏನೂ ಇಲ್ಲ. ದೂಳಿನ ಕಣದಷ್ಟು ಗಾತ್ರ. ಒಂದೇ ಕಾಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಹತ್ತು ಲಕ್ಷಕ್ಕೂ ಮೇಲೆ. 1862ರಲ್ಲಿ, ಅಂದರೆ ನಮ್ಮ ಭಾಯಖಳದ ರಾಣಿಬಾಗ್ ಜನರಿಗೆ ತೆರೆದ ವರ್ಷವೇ, ಡಾರ್ವಿನ್ ಆರ್ಕಿಡ್‌ಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಂದು ಇಂಗ್ಲಿಷ್ ಆರ್ಕಿಡ್‌ನ ಬೀಜ ಲೆಕ್ಕ ಹಾಕಿದ್ದಾನೆ: ಗಿಡವೊಂದಕ್ಕೆ 1,86,300. ಎಲ್ಲವೂ ಮೊಳೆತರೆ ಮರಿಮಕ್ಕಳ ಕಾಲಕ್ಕೆ ಭೂಮಿಯ ನೆಲವೆಲ್ಲ ಒಂದೇ ಹಸಿರು ಜಮಖಾನೆ. ಹಾಗಾಗಲಿಲ್ಲ. ಯಾಕೆಂಬುದು 1899ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ನೋಯೆಲ್ ಬರ್ನಾರ್ಡ್‌ಗೆ ಸಿಕ್ಕಿತು. ಕಾಡಿನಲ್ಲಿ ಅವನು ಕಂಡ ಎಳೆ ಆರ್ಕಿಡ್ ಸಸಿಗಳಲ್ಲೆಲ್ಲ ಶಿಲೀಂಧ್ರದ ಎಳೆಗಳು ತುಂಬಿದ್ದವು. ಕಾಡಿನಲ್ಲಿ ಆ ಶಿಲೀಂಧ್ರ ಸಿಗದ ಬೀಜ ಸಸಿಯಾಗುವುದಿಲ್ಲ.

ಒಂದು ಕಾಲದಲ್ಲಿ ದಕ್ಷಿಣ ಕನ್ನಡದ ಹುಡುಗರು ಜೇಬಿನಲ್ಲಿ ಕಾಸಿಲ್ಲದೆ ಬೊಂಬಾಯಿಗೆ ಓಡಿಬರುತ್ತಿದ್ದರು. ಯಾವುದೋ ಉಡುಪಿ ಹೋಟೆಲಿನಲ್ಲಿ ಗ್ಲಾಸು ತೊಳೆದು, ಅಲ್ಲೇ ಉಂಡು, ರಾತ್ರಿಶಾಲೆಗೆ ಹೋಗಿ ತಲೆಯೆತ್ತಿದರು. ಆರ್ಕಿಡ್ ಬೀಜ ಅಂಥ ಹುಡುಗ, ಶಿಲೀಂಧ್ರ ಹೋಟೆಲು. ಹೋಲಿಕೆ ಇಲ್ಲಿಯವರೆಗೆ ಸರಿ, ಮುಂದೆ ಹದಗೆಡುತ್ತದೆ. ಶಿಲೀಂಧ್ರ ಬೀಜದೊಳಗೆ ಎಳೆ ಚಾಚುತ್ತದೆ, ಕೋಶದೊಳಗೆ ಅದು ನೂಲಿನುಂಡೆಯ ಹಾಗೆ ಸುತ್ತಿಕೊಳ್ಳುತ್ತದೆ, ಆಮೇಲೆ ಆರ್ಕಿಡ್ ಆ ಉಂಡೆಯನ್ನೇ ಜೀರ್ಣಿಸಿಕೊಳ್ಳುತ್ತದೆ. ಅಂದರೆ ಹುಡುಗ ಊಟದ ಜೊತೆಗೆ ಮಾಲೀಕರನ್ನೂ ನುಂಗಿದ ಹಾಗೆ. ಮರವನ್ನು ಹೀರುತ್ತದೆಂಬ ಆರೋಪ ಹೊತ್ತಿರುವ ಗಿಡ ನಿಜವಾಗಿ ಹೀರುವುದು ಯಾರ ಕಣ್ಣಿಗೂ ಬೀಳದ ಬೂಷ್ಟನ್ನು!

1922ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ಕ್ನುಡ್ಸನ್ ಈ ಹೋಟೆಲನ್ನೇ ಮುಚ್ಚಿಸಿದ. ಸಕ್ಕರೆ ಮತ್ತು ಲವಣ ಬೆರೆಸಿದ ಅಗರ್ ಜೆಲ್ಲಿಯ ಮೇಲೆ, ಶಿಲೀಂಧ್ರದ ಹಂಗಿಲ್ಲದೆ ಬೀಜ ಮೊಳೆಯುತ್ತದೆಂದು ತೋರಿಸಿದ. ಇಂದು ದಾದರಿನ ಹೂ ಮಾರ್ಕೆಟ್ಟಿಗೆ ಕಟ್ಟುಗಟ್ಟಲೆ ಬಂದಿಳಿಯುವ ಡೆಂಡ್ರೋಬಿಯಂ ಎಂಬ ಆರ್ಕಿಡ್ ಹೂಗಳ ಮೂಲ ಇಂಥ ಜೆಲ್ಲಿ ಬಾಟಲಿಗಳೇ.

ಹಾಗಾದರೆ ಮಣ್ಣಿಲ್ಲದ ಬೇರಿನಲ್ಲಿ ಏನಿತ್ತು? ಸ್ಪಂಜಿನಂಥ ಆ ವೆಲಾಮೆನ್ ತುಂಬ ಥಾಯ್ ಕಾಡಿನದೋ ನರ್ಸರಿಯದೋ ಶಿಲೀಂಧ್ರ, ಬ್ಯಾಕ್ಟೀರಿಯಾ; ಎಲೆಯ ಬುಡದ ಸಂದಿಯಲ್ಲಿ ಶಲ್ಕಕೀಟ, ಹಿಟ್ಟುತಿಗಣೆಯ ಮೊಟ್ಟೆ ಇರಬಹುದು; ಕೋಶದೊಳಗೆ ಸಿಂಬಿಡಿಯಂ ಮೊಸಾಯಿಕ್ ವೈರಸ್ ಇರಬಹುದು. ಈ ವೈರಸ್ ಹೊತ್ತ ಗಿಡ ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣುತ್ತದೆ, ನಾವು ಒಂದೇ ಕತ್ತರಿಯಿಂದ ಪಕ್ಕದ ಗಿಡವನ್ನೂ ಕತ್ತರಿಸುವವರೆಗೆ.

"ಮೂರು ಗಿಡದಿಂದ ದೇಶ ಮುಳುಗ್ತದಾ?" ಎಂದು ಚಿಕ್ಕಮ್ಮ. ಮುಳುಗಿದ ಉದಾಹರಣೆ ಪಕ್ಕದಲ್ಲೇ ಇದೆ. ನಾವು ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂ ಹಾವಳಿ ಈ ದೇಶದಲ್ಲಿ ಗಮನಕ್ಕೆ ಬಂದದ್ದು 1955ರಲ್ಲಿ, ಪುಣೆಯಲ್ಲಿ. ಇಂದು ಬೀದರಿನಿಂದ ಚಾಮರಾಜನಗರದವರೆಗೆ ಅದಿಲ್ಲದ ರಸ್ತೆಯಂಚು ತೋರಿಸಿ ನೋಡೋಣ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಮೆಕ್ಸಿಕೊ ಮೂಲದ ಪಪ್ಪಾಯಿ ಹಿಟ್ಟುತಿಗಣೆ ಸ್ವಲ್ಪದರಲ್ಲೇ ನಮ್ಮ ಹಿಪ್ಪುನೇರಳೆ ತೋಟಗಳಿಗೂ ಹಬ್ಬಿ ರೇಷ್ಮೆ ಬೆಳೆಗಾರರ ಕಣ್ಣಲ್ಲಿ ನೀರು ತರಿಸಿತು. ಅದನ್ನು ಹದ್ದುಬಸ್ತಿಗೆ ತಂದದ್ದು 2010ರಲ್ಲಿ ಬಿಟ್ಟ ಒಂದು ಪುಟ್ಟ ಕಣಜ. ಅದೂ ಫಾರಿನ್ನಿನದೇ. ಆದರೆ ಅದು ಕಾಗದಪತ್ರ ಇಟ್ಟುಕೊಂಡು, ಪರೀಕ್ಷೆ ಪಾಸಾಗಿ ಬಂದದ್ದು.

ಕಾಗದಪತ್ರ ಎಂದರೆ ಎರಡು ಬಗೆ, ಜನ ಇದನ್ನು ಕಲಸಿಬಿಡುತ್ತಾರೆ. ಒಂದು, ಸಸ್ಯ ಸಂಪರ್ಕತಡೆಯದ್ದು (ಕ್ವಾರಂಟೈನ್): ಕೇಂದ್ರ ಸರಕಾರದ 2003ರ ಆದೇಶದ ಪ್ರಕಾರ ಇಲ್ಲಿಯ ಆಮದು ಪರ್ಮಿಟ್ಟು, ಅಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರ. ಇದು ನಮ್ಮ ಬೆಳೆಗಳ ರಕ್ಷಣೆಗೆ. ಇನ್ನೊಂದು, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ್ದು, ಅದು ಆರ್ಕಿಡ್‌ಗಳ ರಕ್ಷಣೆಗೆ. ಆರ್ಕಿಡ್ ಕುಟುಂಬ ಇಡಿಯಾಗಿ ಅದರ ಪಟ್ಟಿಯಲ್ಲಿದೆ. ಸಂತೆಯಲ್ಲಿ ಇಟ್ಟದ್ದು ನರ್ಸರಿಯದೋ ಕಾಡಿನಿಂದ ಕಿತ್ತದ್ದೋ ಹೂ ನೋಡಿ ಹೇಳಲಾಗದು, ಅದಕ್ಕೇ ಈ ಬಿಗಿ. ಜೆಲ್ಲಿ ಬಾಟಲಿಯಲ್ಲಿ ಸೀಲಾಗಿರುವ ಸಸಿಗಳಿಗೆ ಸೈಟೀಸ್ ಬಹುಮಟ್ಟಿಗೆ ವಿನಾಯಿತಿ ಕೊಡುತ್ತದೆ. ಬಾಟಲಿಯೊಳಗೆ ಬೂಷ್ಟಿಲ್ಲ, ತಿಗಣೆಯಿಲ್ಲ, ಕಾಡಿನ ಕಳವೂ ಇಲ್ಲ. ಆದರೂ ಮೊದಲನೆಯ ಬಗೆಯ ಕಾಗದ ಬೇಕೇ ಬೇಕು. ಬಾಟಲಿ ತೋರಿಸಿ "ಇದಕ್ಕೆಲ್ಲ ಫ್ರೀ" ಎನ್ನುವ ಅಂಗಡಿಯವನ ಮಾತು ನಂಬಬೇಡಿ.

ಅಷ್ಟಕ್ಕೂ ಬ್ಯಾಂಕಾಕಿನ ಗಿಡವೇ ಏಕೆ? ಚಿಕ್ಕಮ್ಮನಿಗೆ ಪನವೇಲ್ ಕಡೆಯ ನರ್ಸರಿಯಿಂದ ಒಂದು ಡೆಂಡ್ರೋಬಿಯಂ ತಂದುಕೊಟ್ಟೆ. ಮುಂಬಯಿಯ ಸೆಕೆ ಅದಕ್ಕೆ ತವರುಮನೆ ಇದ್ದಂತೆ. ಫೆಲನಾಪ್ಸಿಸ್ ಎಂಬ ಇನ್ನೊಂದು ಆರ್ಕಿಡ್ ಆದರೆ ರಾತ್ರಿ ತಂಪಾಗುವವರೆಗೆ ಹೂದಂಟು ಚಾಚಲು ಹಟ ಮಾಡುತ್ತದೆ. ಬಾಲ್ಕನಿಯ ಗ್ರಿಲ್ಲಿಗೆ ತೆಂಗಿನ ಸಿಪ್ಪೆ ಕಟ್ಟಿ ಅದರ ಮೇಲೆ ಡೆಂಡ್ರೋಬಿಯಂ ಕೂರಿಸಿದ್ದಾಳೆ. ಮಣ್ಣು ಒಂದು ಚಿಟಿಕೆಯೂ ಇಲ್ಲ.

ಮೊನ್ನೆ ಫೋನ್ ಮಾಡಿದ್ದಳು. ಸಿಪ್ಪೆಯ ಸಂದಿಯಿಂದ ಒಂದು ಪುಟ್ಟ ಜರಿಗಿಡ ಎದ್ದಿದೆಯಂತೆ, ಯಾರೂ ನೆಟ್ಟದ್ದಲ್ಲ. "ಇದು ಯಾವ ಪರ್ಮಿಟ್ಟಲ್ಲಿ ಬಂತು, ಹೇಳು ನೋಡುವಾ."